ಲೈವ್ ಟ್ರಾಫಿಕ್‌ಗೆ ಕಾರಿನ ನ್ಯಾವಿಗೇಷನ್ ಸಾಕೇ, ಮೊಬೈಲ್ ಆ್ಯಪ್ ಬೇಕೇ? ನಿಮ್ಮದೇ ದಾರಿಯಲ್ಲಿ ಪರೀಕ್ಷಿಸಿ ನಿರ್ಧರಿಸುವ ಕ್ರಮ

ಹೊಸ ಕಾರು ಕೊಳ್ಳಲು ಹೊರಟವರು, ಅದರಲ್ಲೂ ನ್ಯಾವಿಗೇಷನ್ ಇರುವ ಮೇಲಿನ ದರ್ಜೆಯ ಮಾದರಿಗೆ ಹೆಚ್ಚಿನ ಹಣ ಕೊಡುವುದೋ ಬೇಡವೋ ಎಂದು ಯೋಚಿಸುತ್ತಿರುವವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಮುಂದಿನ ರಸ್ತೆಯಲ್ಲಿ ಈ ಕ್ಷಣದಲ್ಲಿರುವ ದಟ್ಟಣೆಯನ್ನು ಸರಿಯಾಗಿ ತೋರಿಸುವುದು ಕಾರಿನ ಪರದೆಯೋ, ಫೋನೋ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಟ್ಟಣೆಯ ಮಾಹಿತಿಗೆ ಫೋನಿನ ಆ್ಯಪ್ ಮೇಲು. ಕಾರು ಎಲ್ಲಿದೆ ಎಂದು ಗುರುತಿಸುವುದರಲ್ಲಿ ಕಾರಿನೊಳಗಿನ ವ್ಯವಸ್ಥೆ ಮೇಲು. ಎರಡರ ಬಲವನ್ನೂ ಒಟ್ಟಿಗೆ ಪಡೆಯುವ ಅನುಕೂಲ ಈಗಿನ ಅನೇಕ ಕಾರುಗಳಲ್ಲಿದೆ. ಆದರೆ ಊರು, ರಸ್ತೆ, ಕಾರಿನ ಮಾದರಿ ಬದಲಾದಂತೆ ಈ ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ನೀವು ದಿನವೂ ಓಡಾಡುವ ದಾರಿಯಲ್ಲೇ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾದದ್ದು ಕಾರು, ಇಂಟರ್‌ನೆಟ್ ಇರುವ ಫೋನು, ಒಂದು ಒಳ್ಳೆಯ ಯುಎಸ್‌ಬಿ ಕೇಬಲ್, ಫೋನ್ ಹೋಲ್ಡರ್ ಮತ್ತು ಪಕ್ಕದಲ್ಲಿ ಕುಳಿತು ಗುರುತು ಹಾಕಿಕೊಳ್ಳಬಲ್ಲ ಒಬ್ಬರು.

ದಟ್ಟಣೆ ನಕ್ಷೆಗೆ ಹೇಗೆ ತಿಳಿಯುತ್ತದೆ?

ನ್ಯಾವಿಗೇಷನ್ ಎಂಬ ಒಂದೇ ಹೆಸರಿನಡಿ ಎರಡು ಕೆಲಸಗಳಿವೆ. ಕಾರು ನಕ್ಷೆಯ ಮೇಲೆ ಎಲ್ಲಿದೆ ಎಂದು ಕಂಡುಕೊಳ್ಳುವುದು ಒಂದು. ಇದಕ್ಕೆ ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಯ ಸಂಕೇತ ಸಾಕು, ಇಂಟರ್‌ನೆಟ್ ಬೇಕಿಲ್ಲ. ಮುಂದಿನ ರಸ್ತೆಯಲ್ಲಿ ವಾಹನಗಳು ಯಾವ ವೇಗದಲ್ಲಿ ಸಾಗುತ್ತಿವೆ ಎಂದು ತಿಳಿಯುವುದು ಇನ್ನೊಂದು. ಇದಕ್ಕೆ ಇಂಟರ್‌ನೆಟ್ ಬೇಕೇ ಬೇಕು, ಏಕೆಂದರೆ ಈ ಮಾಹಿತಿ ಉಪಗ್ರಹದಿಂದ ಬರುವುದಿಲ್ಲ. ರಸ್ತೆಯಲ್ಲಿ ಸಾಗುತ್ತಿರುವ ಸಾವಿರಾರು ಫೋನುಗಳು ತಮ್ಮ ಸ್ಥಾನ ಮತ್ತು ವೇಗವನ್ನು ಹೆಸರಿಲ್ಲದೆ ಕಳಿಸುತ್ತವೆ. ನಕ್ಷೆಯ ಕಂಪನಿ ಅವನ್ನೆಲ್ಲ ಒಟ್ಟುಗೂಡಿಸಿ, ಅದೇ ರಸ್ತೆಯ ಹಿಂದಿನ ದಿನಗಳ ವೇಗದೊಂದಿಗೆ ಹೋಲಿಸಿ, ಹಸಿರು, ಕಿತ್ತಳೆ, ಕೆಂಪು ಬಣ್ಣ ಹಚ್ಚುತ್ತದೆ. ಅಂದರೆ ಆ ಬಣ್ಣ ಹೇಳುವುದು ಫೋನುಗಳ ಚಲನೆಯನ್ನು ಮಾತ್ರ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್‌ನಲ್ಲಿ 99 ಫೋನುಗಳನ್ನು ಒಂದು ಪುಟ್ಟ ಗಾಡಿಯಲ್ಲಿಟ್ಟು ಎಳೆದುಕೊಂಡು ನಡೆದಾಗ, ಖಾಲಿ ಬೀದಿಯೂ ಗೂಗಲ್ ಮ್ಯಾಪ್ಸ್‌ನಲ್ಲಿ ಕೆಂಪಾಗಿ ಕಂಡಿತ್ತು. ಕಾರು ಮತ್ತು ಬೈಕುಗಳನ್ನು ಬೇರ್ಪಡಿಸಿ ಗುರುತಿಸುವ ಸಾಮರ್ಥ್ಯವನ್ನು ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅಳವಡಿಸಿದ್ದೇವೆಂದು ಗೂಗಲ್ ಆಗ ಹೇಳಿತು. ಕಾರುಗಳು ನಿಂತಲ್ಲೇ ನಿಂತಿರುವಾಗ ಬೈಕುಗಳು ಸಂದಿಯಲ್ಲಿ ನುಸುಳಿ ಮುಂದೆ ಹೋಗುವ ನಮ್ಮ ರಸ್ತೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಕಾರಿನ ನ್ಯಾವಿಗೇಷನ್ ಕೂಡ ಇದೇ ತತ್ವದ ಮೇಲೆ ನಡೆಯುತ್ತದೆ. ಆದರೆ ಅದಕ್ಕೆ ದಟ್ಟಣೆಯ ಮಾಹಿತಿ ಕೊಡುವುದು ಮ್ಯಾಪ್‌ಮೈಇಂಡಿಯಾ, ಟಾಮ್‌ಟಾಮ್, ಹಿಯರ್ ಮೊದಲಾದ ನಕ್ಷೆ ಕಂಪನಿಗಳು, ಮತ್ತು ಅದು ಕಾರಿಗೆ ತಲುಪುವುದು ಕಾರಿನೊಳಗೇ ಅಡಗಿರುವ ಸಿಮ್ ಮೂಲಕ. ಭಾರತದಲ್ಲಿ 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದಾಗಿನಿಂದ ಇಂಥ ‘ಕನೆಕ್ಟೆಡ್’ ಕಾರುಗಳು ಸಾಮಾನ್ಯವಾದವು. ಕಾರಿನ ಮಾಹಿತಿ ಹಿಂದುಳಿಯುವುದಕ್ಕೆ ಪರದೆಯ ಗುಣಮಟ್ಟ ಕಾರಣವಲ್ಲ. ಸಣ್ಣ ರಸ್ತೆಗಳಿಂದ ಮಾಹಿತಿ ಕಳಿಸುವ ಸಾಧನಗಳು ಎಷ್ಟಿವೆ ಎಂಬುದೇ ಮುಖ್ಯ, ಮತ್ತು ಆ ಲೆಕ್ಕದಲ್ಲಿ ಪ್ರತಿ ಜೇಬಿನಲ್ಲೂ ಇರುವ ಫೋನನ್ನು ಸರಿಗಟ್ಟುವುದು ಕಷ್ಟ.

ಹಂತ 1: ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯದು ಎಂದು ಗುರುತಿಸಿ

ಷೋರೂಮಿನಲ್ಲಿ ‘ನ್ಯಾವಿಗೇಷನ್ ಇದೆ’ ಎಂದರೆ ಬೇರೆ ಬೇರೆ ಅರ್ಥಗಳಿರಬಹುದು. ನಕ್ಷೆಯನ್ನು ಎಸ್‌ಡಿ ಕಾರ್ಡಿನಲ್ಲೋ ಕಾರಿನ ಮೆಮೊರಿಯಲ್ಲೋ ತುಂಬಿಕೊಟ್ಟಿರುವ ಬಗೆ ಒಂದು. ಇದು ದಾರಿ ತೋರಿಸುತ್ತದೆ, ದಟ್ಟಣೆ ತೋರಿಸುವುದಿಲ್ಲ. ಕಾರಿನದೇ ಸಿಮ್ ಇದ್ದು ಲೈವ್ ಟ್ರಾಫಿಕ್ ಪಡೆಯುವ ಬಗೆ ಇನ್ನೊಂದು. ಮೂರನೆಯದರಲ್ಲಿ ಕಾರಿಗೆ ಸ್ವಂತ ನಕ್ಷೆಯೇ ಇರುವುದಿಲ್ಲ. ಆಂಡ್ರಾಯ್ಡ್ ಆಟೋ ಅಥವಾ ಆ್ಯಪಲ್ ಕಾರ್‌ಪ್ಲೇ ಮೂಲಕ ಫೋನಿನ ಆ್ಯಪ್ ಕಾರಿನ ಪರದೆಯ ಮೇಲೆ ಕಾಣುತ್ತದೆ, ಅಷ್ಟೇ. ವೋಲ್ವೋದಂಥ ಕೆಲವು ಕಂಪನಿಗಳು ಗೂಗಲ್ ಮ್ಯಾಪ್ಸ್ ಅನ್ನು ಕಾರಿನೊಳಗೇ ಅಳವಡಿಸಿ ಕೊಡುತ್ತವೆ. ಅಂಥ ಕಾರಿರುವವರಿಗೆ ಈ ಹೋಲಿಕೆಯ ಬಹುಪಾಲು ಅನಗತ್ಯ.

ಬಗೆ ತಿಳಿಯಲು ಕಾರನ್ನು ನಿಲ್ಲಿಸಿ, ಫೋನಿನ ಕೇಬಲ್ ತೆಗೆದು, ಬ್ಲೂಟೂತ್ ಮತ್ತು ಹಾಟ್‌ಸ್ಪಾಟ್ ಆಫ್ ಮಾಡಿ. ಈಗಲೂ ಕಾರಿನ ಪರದೆಯಲ್ಲಿ ನಕ್ಷೆ ತೆರೆದುಕೊಂಡರೆ ಅದು ಕಾರಿನದೇ ನಕ್ಷೆ. ಸೆಟ್ಟಿಂಗ್ಸ್‌ನಲ್ಲಿ ಟ್ರಾಫಿಕ್ ಆಯ್ಕೆಯನ್ನು ಆನ್ ಮಾಡಿ, ಊರಿನ ಮುಖ್ಯ ರಸ್ತೆಗಳನ್ನು ಹಿರಿದು ಮಾಡಿ ನೋಡಿ. ಸಂಜೆ 6 ಗಂಟೆಯ ಹೊತ್ತಿನಲ್ಲೂ ರಸ್ತೆಗಳಿಗೆ ಯಾವ ಬಣ್ಣವೂ ಇಲ್ಲದಿದ್ದರೆ ಲೈವ್ ಟ್ರಾಫಿಕ್ ಬರುತ್ತಿಲ್ಲ ಎಂದೇ ತಿಳಿಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ: ಬಣ್ಣವಿಲ್ಲದ ರಸ್ತೆಯನ್ನು ದಟ್ಟಣೆಯಿಲ್ಲದ ರಸ್ತೆಯೆಂದು ಓದಿಕೊಳ್ಳುತ್ತಾರೆ. ಬಣ್ಣವಿಲ್ಲದಿರುವುದರ ಅರ್ಥ ಮಾಹಿತಿಯಿಲ್ಲ ಎಂದಷ್ಟೇ.

ಹಂತ 2: ಚಂದಾ ಮತ್ತು ನಕ್ಷೆಯ ವಯಸ್ಸು ನೋಡಿ

ಕನೆಕ್ಟೆಡ್ ಸೇವೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷ ಕಾರಿನ ಬೆಲೆಯಲ್ಲೇ ಸೇರಿರುತ್ತದೆ. ಆಮೇಲೆ ಹಣ ಕಟ್ಟಿ ನವೀಕರಿಸಬೇಕು. ಅವಧಿ ಮುಗಿದ ಮೇಲೂ ನಕ್ಷೆ ಮತ್ತು ದಾರಿ ಹೇಳುವ ದನಿ ಮೊದಲಿನಂತೆಯೇ ನಡೆಯುವುದರಿಂದ, ದಟ್ಟಣೆಯ ಮಾಹಿತಿ ನಿಂತುಹೋಗಿರುವುದು ಗಮನಕ್ಕೇ ಬಾರದಿರಬಹುದು. ಕಾರು ಕಂಪನಿಯ ಆ್ಯಪ್ ತೆರೆದು ಮುಕ್ತಾಯದ ದಿನಾಂಕವನ್ನು ಈಗಲೇ ನೋಡಿ. ಹಳೆಯ ಕಾರು ಕೊಂಡವರು ಸೇವೆ ತಮ್ಮ ಹೆಸರಿಗೆ ವರ್ಗವಾಗಿದೆಯೇ, ಇನ್ನೂ ಹಿಂದಿನ ಮಾಲೀಕರ ಖಾತೆಯಲ್ಲೇ ಇದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ನಕ್ಷೆ ಯಾವಾಗ ಹೊಸದಾಗಿದೆ ಎಂಬುದೂ ಮುಖ್ಯ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆಗಲಿ, 2024ರ ಜುಲೈನಲ್ಲಿ ತೆರೆದ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕರ್ ಮೇಲ್ಸೇತುವೆಯಾಗಲಿ ನಿಮ್ಮ ಕಾರಿನ ನಕ್ಷೆಯಲ್ಲಿ ಇದೆಯೇ ಎಂದು ಹುಡುಕಿ. ರಸ್ತೆಯೇ ಇಲ್ಲದ ನಕ್ಷೆಗೆ ಎಷ್ಟೇ ಒಳ್ಳೆಯ ದಟ್ಟಣೆ ಮಾಹಿತಿ ಬಂದರೂ ಪ್ರಯೋಜನವಿಲ್ಲ. ಕೆಲವು ಕಾರುಗಳಲ್ಲಿ ನಕ್ಷೆ ಸಿಮ್ ಮೂಲಕ ತಾನಾಗಿಯೇ ಹೊಸದಾಗುತ್ತದೆ. ಕೆಲವಕ್ಕೆ ಪೆನ್‌ಡ್ರೈವ್‌ನಲ್ಲಿ ಇಳಿಸಿಕೊಂಡು ಹಾಕಬೇಕು.

ಹಂತ 3: ಫೋನನ್ನು ಸಿದ್ಧಗೊಳಿಸಿ

ಗೂಗಲ್ ಮ್ಯಾಪ್ಸ್ ಇಲ್ಲವೇ ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್, ಯಾವುದನ್ನಾದರೂ ಆರಿಸಿಕೊಳ್ಳಿ, ಆಸಕ್ತಿಯಿದ್ದರೆ ಎರಡನ್ನೂ. ಆ್ಯಪ್‌ಗೆ ‘ನಿಖರ ಸ್ಥಳ’ದ ಅನುಮತಿ ಕೊಡಿ, ಬ್ಯಾಟರಿ ಉಳಿಸುವ ಮೋಡ್ ಆಫ್ ಮಾಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಕನ್ನಡದ ದನಿಯೂ ಇದೆ. ಮನೆಯ ಹಿರಿಯರು ಕಾರು ಓಡಿಸುವವರಾದರೆ ಅದನ್ನೇ ಇಟ್ಟುಕೊಡಿ. ಕಣ್ಣು ರಸ್ತೆಯ ಮೇಲಿರುವಾಗ ಕಿವಿಗೆ ಬೀಳುವ ಸೂಚನೆ ತಾಯ್ನುಡಿಯಲ್ಲಿದ್ದಷ್ಟೂ ಒಳ್ಳೆಯದು.

ಪರೀಕ್ಷೆಯ ಮಟ್ಟಿಗೆ ಅತಿ ಮುಖ್ಯವಾದ ಎಚ್ಚರಿಕೆ ಇದು: ಎರಡೂ ಕಡೆ ಆಯ್ಕೆಗಳು ಒಂದೇ ಆಗಿರಬೇಕು. ಒಂದರಲ್ಲಿ ‘ಟೋಲ್ ಬೇಡ’ ಎಂದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಅಥವಾ ಫೋನಿನ ಆ್ಯಪ್ ದ್ವಿಚಕ್ರ ವಾಹನದ ಮೋಡ್‌ನಲ್ಲೇ ಉಳಿದಿದ್ದರೆ, ಬರುವ ಸಮಯದ ಲೆಕ್ಕಗಳನ್ನು ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ; ಇಂಥ ಕಡೆ ವಾಹನದ ಬಗೆ ತಪ್ಪಾಗಿದ್ದರೆ ಆ್ಯಪ್ ಹೇಳುವ ದಾರಿಯೇ ಬೇರೆಯಾಗಬಹುದು.

ಫೋನನ್ನು ಕೈಯಲ್ಲಿ ಹಿಡಿಯಬೇಡಿ, ತೊಡೆಯ ಮೇಲೂ ಇಡಬೇಡಿ. 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ದಾರಿ ನೋಡುವುದಕ್ಕಾಗಿ ಮಾತ್ರ ಫೋನ್ ಬಳಸಲು ಅವಕಾಶ ಕೊಡುತ್ತದೆ. ವಿಳಾಸ ಬರೆಯುವ ಕೆಲಸ ಕಾರು ಹೊರಡುವ ಮೊದಲೇ ಮುಗಿದಿರಲಿ. ಹೋಲ್ಡರನ್ನು ಮುಂಗಾಜಿಗೆ ಅಂಟಿಸುವ ಬದಲು ಎಸಿ ಗಾಳಿಯ ಕಿಂಡಿಯ ಬಳಿ ಕೂರಿಸುವುದು ಮೇಲು. ನೋಟಕ್ಕೆ ಅಡ್ಡಿಯಾಗದು, ಫೋನೂ ತಣ್ಣಗಿರುತ್ತದೆ. ಐಫೋನ್ ಬಳಸಲು ಸೂಕ್ತವಾದ ಸುತ್ತಲಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದು ಆ್ಯಪಲ್ ಹೇಳುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲಿಟ್ಟ ಯಾವ ಫೋನಾದರೂ ಬೆಳಕು ಮಂಕಾಗಿ, ಚಾರ್ಜ್ ನಿಂತು, ಕೊನೆಗೆ ಪರದೆಯೇ ಆರಿಹೋಗುವ ಸಾಧ್ಯತೆ ಇದೆ. ಕಾರಿನ ಪರದೆ ಇಂಥ ಬಿಸಿಗೆಂದೇ ತಯಾರಾದದ್ದು.

ಹಂತ 4: ಹೊರಡುವ ಮೊದಲು, ನಿಂತಲ್ಲೇ ಹೋಲಿಸಿ

ಕಾರು ಮನೆಯ ಮುಂದೆ ನಿಂತಿರುವಾಗಲೇ ಮೊದಲ ಹೋಲಿಕೆ ಮಾಡಬಹುದು. ದಟ್ಟಣೆ ಖಚಿತವಾಗಿರುವ ಹೊತ್ತನ್ನು ಆರಿಸಿ. ಬೆಂಗಳೂರಿನಲ್ಲಾದರೆ ಹೆಬ್ಬಾಳ, ಟಿನ್ ಫ್ಯಾಕ್ಟರಿ, ಸಿಲ್ಕ್ ಬೋರ್ಡ್; ಹುಬ್ಬಳ್ಳಿಯಲ್ಲಾದರೆ ಚನ್ನಮ್ಮ ವೃತ್ತ; ಮಂಗಳೂರಿನಲ್ಲಾದರೆ ನಂತೂರು, ಪಂಪ್‌ವೆಲ್. ಎರಡೂ ಪರದೆಗಳಲ್ಲಿ ಅದೇ ಜಾಗವನ್ನು ಹಿರಿದು ಮಾಡಿ, ಮುಖ್ಯ ರಸ್ತೆಯ ಬಣ್ಣವನ್ನಷ್ಟೇ ಅಲ್ಲ, ಅದಕ್ಕೆ ಬಂದು ಕೂಡುವ ಅಡ್ಡರಸ್ತೆಗಳ ಬಣ್ಣವನ್ನೂ ನೋಡಿ. ಮುಖ್ಯ ರಸ್ತೆಗಳಲ್ಲಿ ಎರಡೂ ಸುಮಾರಾಗಿ ಒಪ್ಪಬಹುದು. ವ್ಯತ್ಯಾಸ ಎದ್ದುಕಾಣುವುದು ಅಡ್ಡರಸ್ತೆಗಳಲ್ಲಿ. ಬದಲಿ ದಾರಿ ಹುಡುಕುವಾಗ ನಮಗೆ ಬೇಕಾಗುವುದು ಆ ಅಡ್ಡರಸ್ತೆಗಳ ಸ್ಥಿತಿಯೇ ಆದ್ದರಿಂದ ಈ ಒಂದು ನೋಟಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಯಾವ ಪರದೆಯ ಬಣ್ಣ ಬದಲಾಗಿದೆ ಎಂಬುದರಿಂದ ಮಾಹಿತಿ ಎಷ್ಟು ಬೇಗ ಹೊಸದಾಗುತ್ತಿದೆ ಎಂಬ ಅಂದಾಜೂ ಸಿಗುತ್ತದೆ.

ಹಂತ 5: ದಾರಿಯಲ್ಲಿ ಹೋಲಿಸಿ

ಇಲ್ಲಿ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಚಾಲಕರೇ ಎರಡು ಪರದೆಗಳನ್ನು ನೋಡುತ್ತ ಹೋಲಿಸುವ ಪ್ರಯತ್ನ ಅಪಾಯಕಾರಿ. ಯಾರೂ ಸಿಗದಿದ್ದರೆ ಈ ಹಂತವನ್ನು ಮುಂದೂಡಿ.

ಎರಡರಲ್ಲೂ ಒಂದೇ ಗಮ್ಯಸ್ಥಾನ ಕೊಟ್ಟು, ಹೊರಡುವಾಗ ಎರಡೂ ಹೇಳುವ ತಲುಪುವ ಸಮಯವನ್ನು ಬರೆದುಕೊಳ್ಳಲು ಹೇಳಿ. ಅರ್ಧ ದಾರಿಯಲ್ಲಿ ಇನ್ನೊಮ್ಮೆ ಬರೆದುಕೊಳ್ಳಲಿ, ತಲುಪಿದಾಗ ನಿಜವಾದ ಸಮಯವನ್ನು ಪಕ್ಕದಲ್ಲಿಡಲಿ. ಹೊರಡುವಾಗಿನ ಅಂದಾಜಿಗೂ ನಿಜಕ್ಕೂ ಇರುವ ಅಂತರವೇ ನಿಮಗೆ ಬೇಕಾದ ಅಳತೆ. ತಲುಪಲು ಎರಡು ಕಿಲೋಮೀಟರ್ ಉಳಿದಿರುವಾಗ ಯಾವ ನ್ಯಾವಿಗೇಷನ್ ಆದರೂ ಸರಿಯಾದ ಸಮಯವನ್ನೇ ಹೇಳುತ್ತದೆ. ಅದನ್ನು ನೋಡಿ ಮೆಚ್ಚಬೇಕಾಗಿಲ್ಲ.

ಎರಡೂ ಒಂದೇ ದಾರಿಯನ್ನು ಸೂಚಿಸುವ ಪ್ರಯಾಣಗಳಲ್ಲಿ ಮಾತ್ರ ಈ ಹೋಲಿಕೆ ನ್ಯಾಯವಾಗಿರುತ್ತದೆ. ಫೋನು ಹೇಳಿದ ಅಡ್ಡದಾರಿಯಲ್ಲಿ ಹೋಗಿ ಬೇಗ ತಲುಪಿದಾಗ ಫೋನು ಗೆದ್ದಿತು ಎನ್ನಿಸುವುದು ಸಹಜ, ಆದರೆ ಕಾರು ಹೇಳಿದ ದಾರಿಯಲ್ಲಿ ಹೋಗಿದ್ದರೆ ಎಷ್ಟು ಹೊತ್ತಾಗುತ್ತಿತ್ತು ಎಂಬುದು ನಿಮಗೆ ಗೊತ್ತಿಲ್ಲ. ಆದ್ದರಿಂದ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗಿನ ಹೊರ ವರ್ತುಲ ರಸ್ತೆಯಂಥ, ಸುಲಭದ ಪರ್ಯಾಯವಿಲ್ಲದ ದಾರಿಯನ್ನು ಪರೀಕ್ಷೆಗೆ ಆರಿಸಿಕೊಳ್ಳಿ. ಕೆಲಸದ ದಿನದ ಬೆಳಿಗ್ಗೆ, ಭಾನುವಾರ, ಸಾಧ್ಯವಾದರೆ ಮಳೆ ಬಂದ ಒಂದು ಸಂಜೆ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಮಳೆಯ ಸಂಜೆಯೇ ಕಠಿಣ ಪರೀಕ್ಷೆ. ಅಂದು ಹಿಂದಿನ ದಿನಗಳ ಸರಾಸರಿಯಿಂದ ಲೆಕ್ಕ ಹಾಕುವ ನ್ಯಾವಿಗೇಷನ್ ಸೋಲುತ್ತದೆ, ನಿಜವಾಗಿ ಲೈವ್ ಮಾಹಿತಿ ಪಡೆಯುವ ನ್ಯಾವಿಗೇಷನ್ ಗೆಲ್ಲುತ್ತದೆ. ಎರಡರ ದನಿಯೂ ಒಟ್ಟಿಗೆ ಮಾತಾಡದಂತೆ ಒಂದನ್ನು ಮ್ಯೂಟ್ ಮಾಡುವುದನ್ನು ಮರೆಯಬೇಡಿ. ಮೇಲ್ಸೇತುವೆಯ ಬುಡದಲ್ಲಿ ಒಂದು ‘ಎಡಕ್ಕೆ’, ಇನ್ನೊಂದು ‘ನೇರ’ ಎಂದರೆ ಗಲಿಬಿಲಿ ತಪ್ಪಿದ್ದಲ್ಲ.

ಹಂತ 6: ಮೇಲ್ಸೇತುವೆ, ಸರ್ವಿಸ್ ರಸ್ತೆ, ಸುರಂಗಗಳಲ್ಲಿ ಸ್ಥಾನ ಗಮನಿಸಿ

ದಟ್ಟಣೆಯ ಬಣ್ಣ ಎಷ್ಟೇ ಸರಿಯಿದ್ದರೂ ನೀವು ಯಾವ ರಸ್ತೆಯ ಮೇಲಿದ್ದೀರಿ ಎಂಬುದು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಉಪಗ್ರಹದ ಸಂಕೇತದಿಂದ ಎತ್ತರ ಕಂಡುಕೊಳ್ಳುವುದು ಸಮತಲದ ಸ್ಥಾನ ಕಂಡುಕೊಳ್ಳುವುದಕ್ಕಿಂತ ಕಷ್ಟ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರಿಸಿದ ಟೋಲ್ ರಸ್ತೆಯ ಮೇಲಿದ್ದೀರೋ, ಅದರ ಕೆಳಗೋ ಎಂದು ಫೋನು ಗೊಂದಲಗೊಳ್ಳುವುದು ಇದಕ್ಕೇ. ರಾಗಿಗುಡ್ಡದ ಡಬಲ್ ಡೆಕರ್‌ನಲ್ಲಿ ಕೆಳಗೊಂದು ರಸ್ತೆ, ಮೇಲೊಂದು ರಸ್ತೆ, ಅದರ ಮೇಲೆ ಮೆಟ್ರೋ. ಅಲ್ಲಿ ಕೆಳಗಿನ ರಸ್ತೆಗೆ ಆಕಾಶವೇ ಸರಿಯಾಗಿ ಕಾಣುವುದಿಲ್ಲ. ಮೇಲ್ಸೇತುವೆ ಹತ್ತಬೇಕೋ ಬೇಡವೋ ಎಂದು ಮೊದಲೇ ಹೇಳುವ ಸೂಚನೆಯನ್ನು ಗೂಗಲ್ ಮ್ಯಾಪ್ಸ್ 2024ರಲ್ಲಿ ಭಾರತದ ನಗರಗಳಿಗೆ ತಂದಿತು. ಮ್ಯಾಪಲ್ಸ್ ಜಂಕ್ಷನ್ನಿನ ಚಿತ್ರವನ್ನೇ ಬರೆದು ತೋರಿಸುತ್ತದೆ. ಹತ್ತುವ ಮೊದಲು ಇವು ನೆರವಾಗುತ್ತವೆ, ಹತ್ತಿದ ಮೇಲಿನ ಗೊಂದಲವನ್ನು ಪೂರ್ತಿ ನೀಗಿಸುವುದಿಲ್ಲ.

ಕಾರಿನ ನ್ಯಾವಿಗೇಷನ್ನಿನ ನಿಜವಾದ ಬಲ ಇಲ್ಲಿದೆ. ಉಪಗ್ರಹದ ಸಂಕೇತ ತಪ್ಪಿದಾಗಲೂ ಚಕ್ರಗಳು ಎಷ್ಟು ಉರುಳಿದವು, ಕಾರು ಎಷ್ಟು ತಿರುಗಿತು ಎಂಬುದನ್ನು ತನ್ನ ಸಂವೇದಕಗಳಿಂದ ಅಳೆದು ಸ್ಥಾನವನ್ನು ಲೆಕ್ಕ ಹಾಕುವ ವ್ಯವಸ್ಥೆ ಅನೇಕ ಕಾರುಗಳಲ್ಲಿದೆ. ಇದನ್ನು ಡೆಡ್ ರೆಕನಿಂಗ್ ಎನ್ನುತ್ತಾರೆ. ಕಾರವಾರದ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಸುರಂಗದೊಳಗೆ ಫೋನಿನ ಬಾಣ ನಿಂತುಬಿಟ್ಟರೂ ಕಾರಿನ ಬಾಣ ಮುಂದೆ ಸಾಗುವುದು ಹೀಗೆ. ನಿಮ್ಮ ದೈನಂದಿನ ದಾರಿಯಲ್ಲಿ ಇಂಥ ತಾಣವೊಂದಿದ್ದರೆ ಅಲ್ಲಿ ಎರಡು ಬಾಣಗಳನ್ನೂ ಗಮನಿಸಲು ಪಕ್ಕದವರಿಗೆ ಹೇಳಿ.

ಹಂತ 7: ನೆಟ್‌ವರ್ಕ್ ಇಲ್ಲದ ಮತ್ತು ಮುಚ್ಚಿರುವ ರಸ್ತೆಗಳಿಗೆ ಸಿದ್ಧರಾಗಿ

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ನೆಟ್‌ವರ್ಕ್ ಹೋದ ಮೇಲೂ ಮೊದಲೇ ಶುರು ಮಾಡಿದ ದಾರಿ ಫೋನಿನಲ್ಲಿ ಮುಂದುವರಿಯುತ್ತದೆ. ಆದರೆ ದಟ್ಟಣೆಯ ಮಾಹಿತಿ ಹೊಸದಾಗುವುದಿಲ್ಲ, ದಾರಿ ತಪ್ಪಿದರೆ ಹೊಸ ದಾರಿ ಸಿಗದಿರಬಹುದು. ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲಿ ಆ ಪ್ರದೇಶದ ಆಫ್‌ಲೈನ್ ನಕ್ಷೆಯನ್ನು, ಅಂದರೆ ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ನಕ್ಷೆಯನ್ನು, ಇಳಿಸಿಟ್ಟುಕೊಳ್ಳಿ. ಅದರಲ್ಲಿ ಕಾರಿನ ದಾರಿ ಸಿಗುತ್ತದೆ, ಲೈವ್ ಟ್ರಾಫಿಕ್ ಸಿಗದು. ಕಾರಿನ ಸಿಮ್‌ಗೂ ಇದೇ ಮಿತಿ. ಸಿಮ್ ಕಾರಿನೊಳಗಿದೆ ಎಂದಮಾತ್ರಕ್ಕೆ ಘಾಟಿಯಲ್ಲಿ ಟವರ್ ಹುಟ್ಟಿಕೊಳ್ಳುವುದಿಲ್ಲ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಮುಚ್ಚಿದ ರಸ್ತೆಗಳ ವಿಷಯ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಸಂಜೆ ಬೆಂಗಳೂರಿನಿಂದ ಹೊರಡುವವರು ತಲುಪುವ ಸಮಯವನ್ನಷ್ಟೇ ನಂಬದೆ, ಚೆಕ್‌ಪೋಸ್ಟ್ ದಾಟುವ ಸಮಯವನ್ನು ತಾವೇ ಲೆಕ್ಕ ಹಾಕಬೇಕು. ಮುಂಗಾರಿನಲ್ಲಿ ಭೂಕುಸಿತವಾದಾಗ ಘಾಟಿ ರಸ್ತೆಗಳನ್ನು ಮುಚ್ಚುವ ಆದೇಶ ಜಿಲ್ಲಾಧಿಕಾರಿಗಳಿಂದ ಬರುತ್ತದೆ. ಅದು ಎಲ್ಲ ನಕ್ಷೆಗಳಿಗೂ ಒಡನೆಯೇ ತಲುಪುತ್ತದೆಂಬ ಖಾತರಿಯಿಲ್ಲ. ಹೆಚ್ಚು ವಾಹನಗಳಿಲ್ಲದ ರಸ್ತೆ ಮುಚ್ಚಿದೆಯೋ ಸುಮ್ಮನೆ ಖಾಲಿಯಿದೆಯೋ ಎಂದು ಫೋನುಗಳ ಚಲನೆಯಿಂದ ಬೇಗ ಗೊತ್ತಾಗುವುದಿಲ್ಲ. ಮೈಸೂರು ದಸರೆಯ ಜಂಬೂಸವಾರಿ, ಬಸವನಗುಡಿಯ ಕಡಲೆಕಾಯಿ ಪರಿಷೆಗಳ ದಿನ ಮಾರ್ಗ ಬದಲಾವಣೆಯನ್ನು ಸಂಚಾರ ಪೊಲೀಸರ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಮುಂದಿನ ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆ ಮುರಿದಿರುವುದು ನ್ಯಾವಿಗೇಷನ್ನಿನಲ್ಲಿ ದಾಖಲಾಗಿರಲಿಲ್ಲ ಎಂದು ಅಧಿಕಾರಿಗಳು ಹೇಳಿದರು. ಗುರುತಿಲ್ಲದ ಊರಿನಲ್ಲಿ, ರಾತ್ರಿ ಹೊತ್ತಿನಲ್ಲಿ, ರಸ್ತೆ ನಿರ್ಜನವಾಗುತ್ತಾ ಹೋದರೆ ನಿಧಾನಿಸಿ, ನಿಲ್ಲಿಸಿ, ಸ್ಥಳೀಯರನ್ನು ಕೇಳಿ. ಹಸಿರು ಬಣ್ಣ ಕಂಡಿತೆಂದು ವೇಗ ಹೆಚ್ಚಿಸಬೇಡಿ.

ಹಂತ 8: ನಿರ್ಧರಿಸಿ, ಜೋಡಿಸಿ

ನಗರದೊಳಗೆ ಓಡಾಟ ಹೆಚ್ಚಿರುವವರು ಫೋನಿನ ಆ್ಯಪ್ ಅನ್ನು ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೂಲಕ ಕಾರಿನ ಪರದೆಯಲ್ಲೇ ಬಳಸಿ. ದೊಡ್ಡ ಪರದೆ ಸಿಗುತ್ತದೆ, ಸ್ಟಿಯರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡುತ್ತವೆ. ಕಾರ್‌ಪ್ಲೇಯಲ್ಲಿ, ಕಾರು ಅದಕ್ಕೆ ಸಿದ್ಧವಾಗಿದ್ದರೆ, ಕಾರಿನದೇ ಸ್ಥಾನದ ಮಾಹಿತಿಯನ್ನೂ ಫೋನು ಬಳಸಿಕೊಳ್ಳುತ್ತದೆ. ಜೋಡಣೆ ಆಗದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ: ಕೆಲವು ಕೇಬಲ್‌ಗಳು ಚಾರ್ಜ್ ಮಾಡಬಲ್ಲವೇ ಹೊರತು ಮಾಹಿತಿ ಸಾಗಿಸಲಾರವು. ವೈರ್‌ಲೆಸ್ ಜೋಡಣೆ ಸೊಗಸು, ಆದರೆ ದೂರದ ಪ್ರಯಾಣದಲ್ಲಿ ಫೋನು ಬಿಸಿಯೇರುವುದರಿಂದ ಕೇಬಲ್ಲೇ ಒಳ್ಳೆಯದು. ದೂರದೂರಿಗೆ ಹೋಗುವಾಗ ಕಾರಿನ ನಕ್ಷೆಯಲ್ಲೂ ಗಮ್ಯಸ್ಥಾನ ತುಂಬಿಸಿಟ್ಟುಕೊಳ್ಳಿ. ಫೋನು ಕೈಕೊಟ್ಟಾಗ ಅದು ನೆರವಿಗೆ ಬರುತ್ತದೆ. ಎಲೆಕ್ಟ್ರಿಕ್ ಕಾರು ಉಳ್ಳವರು ಕಾರಿನ ನ್ಯಾವಿಗೇಷನ್ನನ್ನು ಪೂರ್ತಿ ಬದಿಗಿಡಬೇಡಿ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿದು ಚಾರ್ಜಿಂಗ್ ನಿಲ್ದಾಣಕ್ಕೆ ದಾರಿ ಹಾಕಿಕೊಡುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ.

ನ್ಯಾವಿಗೇಷನ್ ಒಂದಕ್ಕಾಗಿಯೇ ಮೇಲಿನ ದರ್ಜೆಯ ಮಾದರಿ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನಗತ್ಯ ಖರ್ಚು. ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇದ್ದರೆ ಸಾಕು. ಚಂದಾ ನವೀಕರಿಸುವಾಗ ಮಾತ್ರ ಅದರೊಳಗೆ ತುರ್ತು ಕರೆ, ಕಾರು ಕಳವಾದರೆ ಪತ್ತೆ ಹಚ್ಚುವಿಕೆಯಂಥ ಬೇರೆ ಸೇವೆಗಳೂ ಸೇರಿವೆಯೇ ಎಂದು ನೋಡಿ. ಅವು ನಿಮಗೆ ಬೇಕಿದ್ದರೆ ಹಣ ಕಟ್ಟುವುದು ಸರಿ. ಬರೀ ಲೈವ್ ಟ್ರಾಫಿಕ್‌ಗಾದರೆ, ಕಟ್ಟುವ ಮೊದಲು ನಾಲ್ಕನೆಯ ಮತ್ತು ಐದನೆಯ ಹಂತಗಳನ್ನು ಇನ್ನೊಮ್ಮೆ ಮಾಡಿ ನೋಡಿ. ಕಾರನ್ನು ಮಾರುವ ದಿನ ಬಂದಾಗ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಮನೆಯ ವಿಳಾಸ, ಓಡಾಡಿದ ಜಾಗಗಳು, ಜೋಡಿಸಿದ ಫೋನುಗಳ ಪಟ್ಟಿಯನ್ನೆಲ್ಲ ಅಳಿಸಿ, ಕಂಪನಿಯ ಆ್ಯಪ್‌ನಿಂದಲೂ ಆ ಕಾರನ್ನು ತೆಗೆದುಹಾಕಿ, ಆಮೇಲಷ್ಟೇ ಕೀಲಿ ಕೊಡಿ.